ಘಟ್ಟ ಇಳಿದವರ ಆರೋಗ್ಯ: ರೋಣ, ನರಗುಂದ, ಗಜೇಂದ್ರಗಡದಿಂದ ಕರಾವಳಿಗೆ

ಮಂಗಳೂರಿನ ಬಹುಮಹಡಿ ಕಟ್ಟಡಗಳಿಗೆ ಸ್ಲ್ಯಾಬ್ ಹಾಕುವವರಲ್ಲಿ, ಉಡುಪಿಯ ಬೀಡಿನಗುಡ್ಡೆಯ ಶೆಡ್ಡುಗಳಲ್ಲಿ, ಮಲ್ಪೆಯ ಬೋಟುಗಳಲ್ಲಿ, ಗೋವಾದ ಬೈನಾ, ಜುವಾರಿನಗರ, ಮಡಗಾಂವದ ಮೋತಿಡೋಂಗರಗಳಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ. ಸಂಜೆ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಕಡಲ ಊರು. ನರಗುಂದದ ಎರೆಭೂಮಿಗೆ ನವಿಲುತೀರ್ಥದ ಅಣೆಕಟ್ಟು ಬಂದು ಐವತ್ತು ವರ್ಷ ದಾಟಿದರೂ ಕಾಲುವೆಯ ಕೊನೆಯ ಹೊಲಗಳು ನೀರಿಗೆ ಕಾಯುತ್ತಲೇ ಇವೆ. 1980ರ ರೈತ ಬಂಡಾಯ, 2015ರಲ್ಲಿ ಶುರುವಾದ ಮಹದಾಯಿ ನೀರಿನ ಹೋರಾಟ ಎರಡೂ ಇದೇ ನೆಲದಲ್ಲಿ ಎದ್ದದ್ದು ಸುಮ್ಮನೆ ಅಲ್ಲ. ಗಜೇಂದ್ರಗಡದ ಗುಡ್ಡದ ಸೆರಗಿನಲ್ಲಿ ಕಲ್ಲು ಮಿಶ್ರಿತ ಕೆಂಪು ನೆಲ, ಬತ್ತುವ ಬೋರ್‌ವೆಲ್. ಮಗ್ಗ ನಂಬಿದವರ ಕೈಗೆ ಸಿಗುವ ಕೂಲಿ ಕಡಿಮೆ. ರೋಣ ತಾಲ್ಲೂಕಿನ ಹೊಳೆಆಲೂರು, ನರಗುಂದ ತಾಲ್ಲೂಕಿನ ಕೊಣ್ಣೂರು ಸುತ್ತ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮನೆ ಮುಳುಗಿದ ಮೇಲೆ ಇನ್ನಷ್ಟು ಮಂದಿ ಗಂಟು ಕಟ್ಟಿದರು.

ನಾನು ಈ ಮೂರು ತಾಲ್ಲೂಕುಗಳ ಉಪಕೇಂದ್ರಗಳಲ್ಲಿ ಆರೋಗ್ಯ ಕಾರ್ಯಕರ್ತೆಯಾಗಿ ದುಡಿದವಳು. ನನ್ನ ಬಂಧುಗಳೂ ಕರಾವಳಿಯಲ್ಲಿ ಗಾರೆ ಕೆಲಸ ಮಾಡುತ್ತಾರೆ, ಅವರ ಶೆಡ್ಡುಗಳಲ್ಲಿ ಉಂಡು ಮಲಗಿದ್ದೇನೆ. ಕರಾವಳಿಯ ಆರೋಗ್ಯ ಎಂದಾಗ ಅಲ್ಲಿನವರು ಘಟ್ಟ ಇಳಿದ ಇವರನ್ನು ಹೊರಗಿನವರೆನ್ನುತ್ತಾರೆ. ಬಯಲುಸೀಮೆಯ ಆರೋಗ್ಯ ಎಂದಾಗ ನಮ್ಮ ರಿಜಿಸ್ಟರಿನಲ್ಲಿ ಇವರ ಹೆಸರಿನ ಮುಂದೆ ‘ಊರಲ್ಲಿಲ್ಲ’ ಎಂದಿರುತ್ತದೆ. ಇವರ ಜೊತೆ ಕೆಲಸ ಮಾಡುವ ನರ್ಸಮ್ಮ, ಆಶಾ, ಅಂಗನವಾಡಿ ಶಿಕ್ಷಕಿ, ಎರಡೂ ಕಡೆಯ ವೈದ್ಯರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

1. ಏನಾಗಿದೆ ಎಂದು ಕೇಳುವ ಮೊದಲು ಯಾವಾಗ ಹೊರಡುತ್ತೀರಿ ಎಂದು ಕೇಳಬೇಕು

‘ನಾಳೆ ಸಂಜಿ ಬಸ್ಸಿಗೆ ಹೊಂಟೀವ್ರಿ’ ಎನ್ನುವವರಿಗೆ ‘ವಾರ ಬಿಟ್ಟು ಬಾ’ ಎಂದರೆ ಅದು ಚಿಕಿತ್ಸೆಯೇ ಆಗುವುದಿಲ್ಲ. ರಕ್ತ ಪರೀಕ್ಷೆ, ಗುಳಗಿಯ ಲೆಕ್ಕ, ಮುಂದಿನ ಸೂಜಿಯ ತಾರೀಖು ಎಲ್ಲವೂ ಆ ಬಸ್ಸಿನ ಹೊತ್ತಿಗೆ ಹೊಂದಬೇಕು. ಹೊರಡುವ ದಿನ ತಿಳಿದರೆ ಪರೀಕ್ಷೆಯನ್ನು ಅಂದೇ ಮಾಡುತ್ತೇವೆ, ಗುಳಗಿಯನ್ನು ಪೂರ್ತಿ ಕೊಡುತ್ತೇವೆ, ಹೋಗುವ ಊರಿನ ಹೆಸರು ಬರೆದಿಟ್ಟುಕೊಳ್ಳುತ್ತೇವೆ. ಬರೀ ‘ಮಂಗಳೂರು’ ಎಂದು ಬರೆದರೆ ಸಾಲದು. ಸುರತ್ಕಲ್ಲೋ, ಕೂಳೂರೋ, ಉಳ್ಳಾಲವೋ, ಮೇಸ್ತ್ರಿಯ ಫೋನ್ ನಂಬರ್ ಯಾವುದು ಎಂಬುದೂ ಬೇಕು.

2. ಕರಾವಳಿಯಿಂದ ಬಂದವರ ಜ್ವರಕ್ಕೆ ಮೊದಲು ರಕ್ತಲೇಪನ

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಇದರ ಬಗ್ಗೆ.

ಮಂಗಳೂರಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ಇದಕ್ಕೆ ಗಟಾರದ ಕೊಳಕು ನೀರು ಬೇಡ, ತಿಳಿನೀರು ಬೇಕು. ತಾರಸಿಯ ಟ್ಯಾಂಕು, ಸಂಪು, ಡ್ರಮ್ಮು, ಲಿಫ್ಟಿನ ಗುಂಡಿ, ಎಲ್ಲಕ್ಕಿಂತ ಮಿಗಿಲಾಗಿ ಹೊಸ ಸ್ಲ್ಯಾಬಿನ ಕ್ಯೂರಿಂಗ್‌ಗೆ ನಿಲ್ಲಿಸುವ ನೀರು. ಸಿಮೆಂಟು ಗಟ್ಟಿಯಾಗಲೆಂದು ದಿನಗಟ್ಟಲೆ ನೀರು ನಿಲ್ಲಿಸುತ್ತಾರೆ. ಅದೇ ಕಟ್ಟಡದ ಬಾಗಿಲು ಕಿಟಕಿ ಇಲ್ಲದ ಕೋಣೆಯಲ್ಲಿ ಗಂಡ, ಹೆಂಡತಿ, ಕೂಸು ಮಲಗುತ್ತಾರೆ. ಸೊಳ್ಳೆಯೂ ಮನುಷ್ಯನೂ ಒಂದೇ ಸೂರಿನಡಿ. 1990ರ ದಶಕದಿಂದ ಆ ನಗರದಲ್ಲಿ ಮಲೇರಿಯಾ ಹೆಚ್ಚಿದ್ದು ಕಟ್ಟಡಗಳು ಏರಿದ ಕಾಲದಲ್ಲೇ. ಆಮೇಲಿನ ವರ್ಷಗಳಲ್ಲಿ ಅಲ್ಲಿನ ಆರೋಗ್ಯ ಸಿಬ್ಬಂದಿ ಮನೆಮನೆ ಸುತ್ತಿ, ಪ್ರತಿ ರೋಗಿಯ ಬೆನ್ನು ಹತ್ತಿ ಪ್ರಕರಣಗಳನ್ನು ಬಹಳಷ್ಟು ಇಳಿಸಿದ್ದಾರೆ. ಆ ದುಡಿಮೆಯನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಕೆಲಸ ಮುಗಿದಿಲ್ಲ.

ಅಲ್ಲಿ ಹೆಚ್ಚಾಗಿ ಕಾಣುವ ಬಗೆ ವೈವಾಕ್ಸ್. ಅದರ ಪರಾವಲಂಬಿ ರಕ್ತದಲ್ಲಿ ಮಾತ್ರ ಇರದೆ ಯಕೃತ್ತಿನಲ್ಲೂ ಅಡಗಿ ಕೂರುತ್ತದೆ. ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಯಕೃತ್ತಿನಲ್ಲಿ ಮಲಗಿದ್ದನ್ನು ಕೊಲ್ಲಲು 14 ದಿನ ಪ್ರಿಮಾಕ್ವಿನ್ ನುಂಗಬೇಕು. ನಮ್ಮವರು ಎಡವುವುದು ಇಲ್ಲೇ. ‘ಜ್ವರಾ ಬಿಟ್ಟಾವು, ಇನ್ಯಾಕ್ರಿ ಗುಳಗಿ?’ ಉಳಿದ ಗುಳಗಿ ಶೆಡ್ಡಿನ ಗೋಡೆಗೆ ಸಿಕ್ಕಿಸಿದ ಚೀಲದಲ್ಲೇ ಉಳಿಯುತ್ತದೆ, ಅವರು ಊರಿಗೆ ಬರುತ್ತಾರೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕಡಲೆ ಕೀಳುವ ಹೊತ್ತಿಗೆ ಮತ್ತೆ ಚಳಿ, ನಡುಕ. ಊರಿನ ದವಾಖಾನೆಯಲ್ಲಿ ವಿಡಾಲ್ ಪರೀಕ್ಷೆ ಒಂದನ್ನೇ ನೋಡಿ ಟೈಫಾಯ್ಡ್ ಎಂದು ಸಲಾಯಿನ್ ಹಚ್ಚುವುದು ಸಾಮಾನ್ಯ. ಒಂದೇ ಸಲ ಮಾಡಿದ ವಿಡಾಲ್ ನಂಬಲು ತಕ್ಕದ್ದಲ್ಲ. ಹಳೆಯ ಸೋಂಕಿಗೂ, ಬೇರೆ ಜ್ವರಕ್ಕೂ ಅದು ತಪ್ಪು ಉತ್ತರ ಕೊಟ್ಟೀತು. ಆದ್ದರಿಂದ ಯಾವ ಜ್ವರದವರಿಗಾದರೂ ನನ್ನ ಪ್ರಶ್ನೆ ಒಂದೇ: ಹೋದ ಒಂದು ವರ್ಷದಲ್ಲಿ ಘಟ್ಟದ ಕೆಳಗೆ ಇದ್ದಿರಾ? ಹೌದಾದರೆ ಬೆರಳಿನಿಂದ ಒಂದು ಹನಿ ರಕ್ತ, ಸ್ಲೈಡು, ಜೊತೆಗೆ ಸಿಕ್ಕರೆ ಕಾರ್ಡ್ ಪರೀಕ್ಷೆ.

ಪ್ರಿಮಾಕ್ವಿನ್ ಕೊಡುವಾಗ ಎಚ್ಚರವೂ ಬೇಕು. ಬಸುರಿಗೆ, ವರ್ಷ ತುಂಬದ ಕೂಸಿಗೆ ಕೊಡುವಂತಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ರಕ್ತಕಣ ಒಡೆದು ಮೂತ್ರ ಕಪ್ಪಗಾಗುತ್ತದೆ. ಮೂತ್ರ ಕೋಕಾಕೋಲಾದ ಬಣ್ಣಕ್ಕೆ ತಿರುಗಿದರೆ, ಉಸಿರು ಕಟ್ಟಿದಂತಾದರೆ ಗುಳಗಿ ನಿಲ್ಲಿಸಿ ದೊಡ್ಡಾಸ್ಪತ್ರೆಗೆ ಹೋಗಬೇಕೆಂದು ಮನೆಯವರಿಗೂ ಹೇಳಿ ಕಳಿಸುತ್ತೇನೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ರೊಟ್ಟಿ ಉಂಡ ಮೇಲೆ ನುಂಗಲಿ. ನಡುವೆ ಬಸ್ಸು ಹತ್ತುವವರ ಗುಳಗಿಯ ಪಟ್ಟಿಯ ಮೇಲೆ ದಿನಗಳ ಅಂಕಿ ಬರೆದುಕೊಟ್ಟರೆ ಪೂರ್ತಿ ಮಾಡುವವರು ಹೆಚ್ಚುತ್ತಾರೆ.

ಗೋವಾದಲ್ಲಿ ಕಟ್ಟಡ ಕಾರ್ಮಿಕರ ರಕ್ತ ಪರೀಕ್ಷಿಸಿ ಆರೋಗ್ಯ ಕಾರ್ಡ್ ಕೊಡುವ ನಿಯಮವಿದೆ. ಅದನ್ನು ಮಾಡಿಸಿಕೊಡುವುದು ಗುತ್ತಿಗೆದಾರನ ಹೊಣೆ, ಕೂಲಿಯವರು ಕೇಳಿ ಪಡೆಯಬೇಕು. ಒಂದು ಸೊಳ್ಳೆ ಪರದೆಯನ್ನು ಹಾಸಿಗೆಯ ಜೊತೆ ಗಂಟಿಗೆ ಕಟ್ಟುವುದನ್ನು ನಮ್ಮ ಊರಲ್ಲೇ ರೂಢಿ ಮಾಡಬಹುದು. ಕ್ಯೂರಿಂಗ್ ನೀರನ್ನು ವಾರಕ್ಕೊಮ್ಮೆ ಪೂರ್ತಿ ಒಣಗಿಸಿ ಮತ್ತೆ ಬಿಟ್ಟರೆ ಸೊಳ್ಳೆಮರಿ ಸೊಳ್ಳೆಯಾಗುವ ಮೊದಲೇ ಸಾಯುತ್ತದೆ. ಸ್ಲ್ಯಾಬಿಗೆ ನೀರು ಬಿಡುವವರು ನಮ್ಮವರೇ ಆದ್ದರಿಂದ ಈ ಮಾತನ್ನು ಎಂಜಿನಿಯರಿಗಿಂತ ಮೊದಲು ಅವರಿಗೆ ಹೇಳಬೇಕು.

3. ಒಡೆದ ಹಿಮ್ಮಡಿ ಮಳೆಗಾಲಕ್ಕೆ ಮುಂಚೆ ಮಾಯಬೇಕು

ಎರೆಮಣ್ಣಿನಲ್ಲಿ ಬರಿಗಾಲಲ್ಲಿ ನಡೆದವರ ಹಿಮ್ಮಡಿ ಸೀಳಿರುತ್ತದೆ. ಊರಲ್ಲಿ ಅದು ಬರೀ ನೋವು. ಜೂನ್ ತಿಂಗಳಲ್ಲಿ ಕರಾವಳಿಯ ಅಡಿಕೆ ತೋಟದ ಕೆಸರಲ್ಲಿ, ಗದ್ದೆಯಲ್ಲಿ, ಪಾಯದ ಗುಂಡಿಯ ನೀರಲ್ಲಿ ನಿಂತರೆ ಅದೇ ಸೀಳಿನಿಂದ ಇಲಿ ಜ್ವರದ ರೋಗಾಣು ಒಳಗೆ ಹೋಗುತ್ತದೆ. ಇಲಿಯ ಮೂತ್ರ ಬೆರೆತ ನೀರೇ ಅದರ ದಾರಿ. ಜೋರು ಜ್ವರ, ಮೀನಖಂಡದಲ್ಲಿ ಮುಟ್ಟಲಾರದ ನೋವು, ಕೆಂಪು ಕಣ್ಣು ಇವಿಷ್ಟು ಒಟ್ಟಿಗೆ ಬಂದರೆ ಕಾಯಬಾರದು. ಕಾಮಾಲೆ ಆಗಿ ಮೂತ್ರ ಕಡಿಮೆಯಾದರೆ ಜೀವಕ್ಕೇ ಕುತ್ತು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಗುಳಗಿಯಲ್ಲಿ ಗುಣವಾಗುತ್ತದೆ. ಗಂಬೂಟು ಕೊಡಿಸದ ಗುತ್ತಿಗೆದಾರನನ್ನು ಕೇಳಲು ಹೆದರುತ್ತಾರೆ. ಕನಿಷ್ಠ ಹೊರಡುವ ಮೊದಲು ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿ ಮಾಯಿಸಿಕೊಳ್ಳಿ ಎನ್ನುತ್ತೇನೆ.

4. ಔಷಧಿ ಅಂಗಡಿಯ ಟ್ಯೂಬು

ಒಣಹವೆಯಲ್ಲಿ ಬೆಳೆದ ಚರ್ಮಕ್ಕೆ ಕರಾವಳಿಯ ಬೆವರು ಹೊಸದು. ಒದ್ದೆ ಬಟ್ಟೆಯಲ್ಲೇ ದಿನವಿಡೀ ದುಡಿದು, ಒಣಗದ ಬಟ್ಟೆಯನ್ನೇ ಮರುದಿನ ಉಟ್ಟು ತೊಡೆಸಂದಿ, ಸೊಂಟದಲ್ಲಿ ಹುಳುಕಡ್ಡಿ ಏಳುತ್ತದೆ. ಅಂಗಡಿಯಲ್ಲಿ ಸಿಗುವ ಟ್ಯೂಬುಗಳಲ್ಲಿ ಬಹಳಷ್ಟಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಹಚ್ಚಿದ ದಿನವೇ ತುರಿಕೆ ನಿಲ್ಲುತ್ತದೆ, ಒಳಗೊಳಗೆ ಶಿಲೀಂಧ್ರ ಹಬ್ಬುತ್ತದೆ, ಚರ್ಮ ತೆಳುವಾಗಿ ಬಿಳಿ ಗೆರೆ ಬೀಳುತ್ತದೆ. ಊರಿಗೆ ಬಂದು ತೋರಿಸುವಾಗ ಮನೆಮಂದಿಗೆಲ್ಲ ಹರಡಿರುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಎಂದಿದ್ದರೆ ಹುಳುಕಡ್ಡಿಗೆ ಹಚ್ಚಬೇಡಿ. ಎಲ್ಲರೂ ಒಟ್ಟಿಗೆ, ವೈದ್ಯರು ಹೇಳಿದಷ್ಟು ವಾರ ಔಷಧಿ ತೆಗೆದುಕೊಳ್ಳಬೇಕು. ಇದನ್ನು ಹೇಳಲು ನಾಚುವವರೇ ಹೆಚ್ಚು, ಹೆಣ್ಣುಮಕ್ಕಳಂತೂ ಕೇಳದ ಹೊರತು ಬಾಯಿ ಬಿಡುವುದಿಲ್ಲ. ಆದ್ದರಿಂದ ನಾನೇ ಕೇಳುತ್ತೇನೆ.

5. ಕುಬಸದ ದಿನ ತಾಯಿ ಕಾರ್ಡ್ ನೋಡಬೇಕು

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆಯ ರೂಢಿ. ಮಂಗಳೂರಿನಲ್ಲೋ ಪಣಜಿಯಲ್ಲೋ ಇಟ್ಟಿಗೆ ಹೊತ್ತ ಹುಡುಗಿ ಏಳನೆಯ ತಿಂಗಳಿಗೆ ಕುಬಸ (ಸೀಮಂತ) ಮಾಡಿಸಿಕೊಳ್ಳಲು ಊರಿಗೆ ಬರುತ್ತಾಳೆ. ಅಲ್ಲಿ ಅವಳ ಮೊದಲ ತಪಾಸಣೆ ಆಗಿದೆಯೋ ಇಲ್ಲವೋ, ರಕ್ತ ಎಷ್ಟಿತ್ತೋ ನಮಗೆ ತಿಳಿಯದು. ಕಾರ್ಡ್ ಅಲ್ಲೇ ಬಿಟ್ಟು ಬಂದಿರುತ್ತಾಳೆ. ಇಲ್ಲಿ ಹೊಸ ಕಾರ್ಡ್ ಮಾಡಿದರೆ ಒಬ್ಬಳೇ ಎರಡು ಕಡೆ ಲೆಕ್ಕಕ್ಕೆ ಸೇರುತ್ತಾಳೆ, ಮಾಡದಿದ್ದರೆ ಎಲ್ಲಿಯೂ ಇಲ್ಲ. ಕಾರ್ಡಿನಲ್ಲಿ ಬರೆದ ತಾಯಿ ಸಂಖ್ಯೆ ಒಂದೇ ಇದ್ದರೆ ರಾಜ್ಯದ ಯಾವ ಮೂಲೆಯಲ್ಲೂ ಹಳೆಯ ದಾಖಲೆ ಸಿಗುತ್ತದೆ. ಅದಕ್ಕೇ ಕಾರ್ಡಿನ ಎರಡೂ ಬದಿಯ ಫೋಟೊವನ್ನು ಗಂಡನ ಫೋನಿನಲ್ಲಿ, ತಾಯಿಯ ಫೋನಿನಲ್ಲಿ, ನನ್ನ ಫೋನಿನಲ್ಲಿ ಇಡುತ್ತೇವೆ. ಊರಲ್ಲಿ ಯಾರ ಮನೆಯಲ್ಲಿ ಕುಬಸ ಎಂಬುದು ಆಶಾಗೆ ಮುಂಚೆಯೇ ತಿಳಿದಿರುತ್ತದೆ. ಉಡಿ ತುಂಬುವ ದಿನವೇ ಹೋಗಿ ಬಿಪಿ, ಹಿಮೋಗ್ಲೋಬಿನ್ ನೋಡಿಬಿಟ್ಟರೆ ಒಂದು ತಿಂಗಳು ಉಳಿಯುತ್ತದೆ. ಹೆರಿಗೆ ಹತ್ತಿರವಾಗುವ ಹೊತ್ತಿನಲ್ಲಿ ಒಂದು ತಿಂಗಳು ಬಹಳ ದೊಡ್ಡದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಗಿಂತ ಎರಡೂ ಏರಿವೆ. ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು, 7ಕ್ಕಿಂತ ಇಳಿದರೆ ಆಸ್ಪತ್ರೆಯೇ ಬೇಕು. ಕಬ್ಬಿಣದ ಗುಳಗಿ ಎಲ್ಲೆಡೆ ಪುಕ್ಕಟೆ, ಆದರೂ ನುಂಗದೆ ಬಿಡುತ್ತಾರೆ. ಮಲ ಕಪ್ಪಾಗುತ್ತದೆ, ಕೂಸು ಕಪ್ಪಾಗುತ್ತದೆಂಬ ಭಯ. ಮಲ ಕಪ್ಪಾಗುವುದು ಗುಳಗಿಯ ಗುಣ, ಕೂಸಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಗುಳಗಿ ಕೊಡುವಾಗಲೇ ಹೇಳಬೇಕು, ಆಮೇಲೆ ಹೇಳಿದರೆ ನಂಬುವುದಿಲ್ಲ. ಚಹಾ ಕುಡಿದು ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಟ್ಟಡದ ಕೆಲಸದಲ್ಲಿ ಹಸಿವು ತಡೆಯುವುದೇ ಚಹಾ ಆದ್ದರಿಂದ ಗುಳಗಿಯನ್ನು ರಾತ್ರಿ ಊಟದ ನಂತರಕ್ಕೆ ಇಟ್ಟುಕೊಡುತ್ತೇನೆ.

ಹೆರಿಗೆಯಾಗಿ ಐದು ತಿಂಗಳಿಗೆ ಬಾಣಂತಿ ಮತ್ತೆ ಘಟ್ಟ ಇಳಿಯುತ್ತಾಳೆ. ಒಂಬತ್ತು ತಿಂಗಳಿಗೆ ಕೊಡಬೇಕಾದ ದಡಾರ-ರುಬೆಲ್ಲಾ ಲಸಿಕೆ ತಪ್ಪುವುದು ಆಗಲೇ. ಲಸಿಕೆಗೆ ಊರು, ಜಾತಿ, ರೇಷನ್ ಕಾರ್ಡ್ ಯಾವುದೂ ಬೇಡ. ಎಲ್ಲಿ ಇದ್ದಾರೋ ಅಲ್ಲೇ ಹತ್ತಿರದ ಸರ್ಕಾರಿ ಕೇಂದ್ರದಲ್ಲಿ ಕೊಡಲೇಬೇಕು. ಇಷ್ಟನ್ನು ತಾಯಂದಿರು ತಿಳಿದಿದ್ದರೆ ಅರ್ಧ ಕೆಲಸ ಆದಂತೆ.

6. ಒಂದೇ ತಾಯಿಯ ಇಬ್ಬರು ಮಕ್ಕಳ ಹಲ್ಲು

ಗಜೇಂದ್ರಗಡ, ರೋಣ ಭಾಗದ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಕರಾವಳಿಯಲ್ಲಿ ತಂದೆತಾಯಿಯ ಜೊತೆ ಬೆಳೆದ ಮಗುವಿನ ಹಲ್ಲು ಬೆಳ್ಳಗಿದ್ದು, ಅಜ್ಜಿಯ ಹತ್ತಿರ ಊರಲ್ಲೇ ಉಳಿದ ಅದರ ಅಣ್ಣನ ಹಲ್ಲಲ್ಲಿ ಕಂದು ಪಟ್ಟೆ ಬಿದ್ದದ್ದನ್ನು ಕಂಡಿದ್ದೇನೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷ ಕುಡಿದ ನೀರು ಮಾಡುವ ಕೆಲಸ ಅದು. ಆಮೇಲೆ ಉಜ್ಜಿದರೆ ಹೋಗುವುದಿಲ್ಲ.

ದೊಡ್ಡವರಲ್ಲಿ ಅದು ಕೀಲಿಗೆ ಇಳಿಯುತ್ತದೆ. ಬೆನ್ನು, ಮೊಣಕಾಲು ಹಿಡಿದುಕೊಂಡವರಿಗೆ ನಾನು ಮೂರು ಕೆಲಸ ಹೇಳುತ್ತೇನೆ: ಮೊಣಕಾಲು ಮಡಚದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈ ಚಾಚಿ ಮಡಚಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದರೆ ಮೂತ್ರದ, ನೀರಿನ ಪರೀಕ್ಷೆಗೆ ಕಳಿಸಬೇಕು. ಇದನ್ನು ಭಾರ ಹೊತ್ತ ನೋವೆಂದು ತಿಳಿದು ವರ್ಷಗಟ್ಟಲೆ ನೋವಿನ ಗುಳಗಿ ನುಂಗಿ ಮೂತ್ರಪಿಂಡ ಕೆಡಿಸಿಕೊಂಡವರು ಇದ್ದಾರೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗದು, ಇನ್ನಷ್ಟು ಗಟ್ಟಿಯಾಗುತ್ತದೆ. ಮಲಪ್ರಭೆಯ ನಳದ ನೀರು, ಮಳೆನೀರು, ಶುದ್ಧ ನೀರಿನ ಘಟಕದ ನೀರು ಇವನ್ನು ಮೊದಲು ಮಕ್ಕಳಿಗೆ ಎತ್ತಿಡಬೇಕು. ಕುಡಿಯಲು ಮಾತ್ರವಲ್ಲ, ಬೇಳೆ ಬೇಯಿಸಲಿಕ್ಕೂ. ಊರಲ್ಲಿ ಉಳಿದ ಅಜ್ಜಿಗೆ ಘಟಕದಿಂದ ಕೊಡ ಹೊತ್ತು ತರುವ ಶಕ್ತಿ ಇರುವುದಿಲ್ಲ, ದುಡಿಯುವವರು ಕಳಿಸುವ ಹಣದಲ್ಲಿ ಅದಕ್ಕೊಂದು ಪಾಲು ಇರಬೇಕು.

7. ಟಿಬಿಯ ಆರು ತಿಂಗಳು ಎರಡು ಜಿಲ್ಲೆಗಳಲ್ಲಿ ಮುಗಿಯಬಹುದು

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ಇಳಿದ ತೂಕ. ಎಲ್ಲಿ ಇದ್ದರೂ ಕಫ ಪರೀಕ್ಷೆ ಪುಕ್ಕಟೆ. ಒಮ್ಮೆ ಟಿಬಿ ರೋಗಿಯ ನೋಂದಣಿಯಾದ ನಿಕ್ಷಯ್ ಸಂಖ್ಯೆ ಸಿಕ್ಕಿತೆಂದರೆ ದೇಶದ ಯಾವ ಕೇಂದ್ರಕ್ಕಾದರೂ ಚಿಕಿತ್ಸೆಯನ್ನು ವರ್ಗಾಯಿಸಬಹುದು. ಪೋಷಣೆಗೆಂದು ಕೊಡುವ ಹಣ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ನಿಕ್ಷಯ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡುವುದರ ಜೊತೆ ಬಾಯಿಪಾಠ ಮಾಡಿಸುವುದೂ ಒಳ್ಳೆಯದು. ಶೆಡ್ಡುಗಳು ಶಾಶ್ವತವಲ್ಲ, ಬೈನಾದಲ್ಲಿ 2004ರಲ್ಲೂ 2015ರಲ್ಲೂ ಮನೆಗಳನ್ನು ಕೆಡವಿದಾಗ ನಮ್ಮವರು ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದರು. ಕಾಗದ ಹೋದರೂ ಸಂಖ್ಯೆ ಉಳಿದರೆ ಗುಳಗಿ ನಿಲ್ಲುವುದಿಲ್ಲ. ಎಚ್‌ಐವಿ ಚಿಕಿತ್ಸೆಯವರಿಗೂ ಇದೇ ಮಾತು, ಅಲ್ಲಿ ಗುಟ್ಟು ಕಾಯುವ ಹೊಣೆ ಇನ್ನೂ ಹೆಚ್ಚು.

8. ಜೋಳದ ಕಾಳು ಒಯ್ಯಲಿ, ಹಿಟ್ಟು ಬೇಡ

ಕರಾವಳಿಯ ತೇವಕ್ಕೆ ಜೋಳದ ಹಿಟ್ಟು ಬೇಗ ಹುಳ ಬೀಳುತ್ತದೆ, ಮುಗ್ಗುತ್ತದೆ. ಆಗ ಮೂರು ಹೊತ್ತೂ ರೇಷನ್ ಅಕ್ಕಿಯ ಅನ್ನ, ಒಂದಿಷ್ಟು ಸಾರು. ಕಾಳನ್ನೇ ಒಯ್ದು ಅಲ್ಲಿ ಸ್ವಲ್ಪ ಸ್ವಲ್ಪ ಬೀಸಿಸಿಕೊಂಡರೆ ರೊಟ್ಟಿ ತಪ್ಪುವುದಿಲ್ಲ. ಹೆಸರು, ಮಡಕಿ, ಶೇಂಗಾ, ಗುರೆಳ್ಳು ಚಟ್ನಿಪುಡಿ ಗಂಟಿನಲ್ಲಿ ಇರಲಿ, ಒಂದು ಹೋಳು ನಿಂಬೆ ಹಿಂಡಿದರೆ ಅವುಗಳ ಕಬ್ಬಿಣ ಮೈಗೆ ಹತ್ತುತ್ತದೆ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಗಿಂತ ಅಗ್ಗದ ಒಳ್ಳೆಯ ಊಟ ಅಲ್ಲಿ ಬೇರೆ ಇಲ್ಲ.

9. ಊರಲ್ಲಿ ಉಳಿದವರ ಬಿಪಿ, ಅಲ್ಲಿರುವವರ ನಿದ್ದೆ

ಮುದುಕಿ ಒಬ್ಬಳಿಗೇ ಒಲೆ ಹಚ್ಚುವ ಮನಸ್ಸಾಗುವುದಿಲ್ಲ. ಬೆಳಿಗ್ಗೆ ಬಡಿದ ರೊಟ್ಟಿ, ಉಪ್ಪಿನಕಾಯಿ ರಾತ್ರಿಯವರೆಗೆ. ಬಿಪಿ ಗುಳಗಿ ತಂದುಕೊಡುವವರಿಲ್ಲ. ಮಗ ಪ್ರತಿ ವಾರ ಫೋನ್ ಮಾಡುತ್ತಾನೆ, ‘ಆರಾಮ ಅದೀನಿ’ ಎನ್ನುತ್ತಾಳೆ. ಮಗನಿಗೆ ನಾನು ಹೇಳುವುದು ಇಷ್ಟೇ: ಆರಾಮ ಇದ್ದೀಯಾ ಎಂದು ಕೇಳಬೇಡ, ಇವತ್ತು ಏನು ಉಂಡೆ, ಗುಳಗಿ ಎಷ್ಟು ಉಳಿದಿವೆ ಎಂದು ಕೇಳು.

ಅತ್ತ ಅವನಿಗೂ ನಿದ್ದೆ ಇಲ್ಲ. ಸಾಲ, ಬಿಟ್ಟು ಬಂದ ಮಕ್ಕಳು, ಮೇಸ್ತ್ರಿಯ ಬೈಗುಳ. ಗೋವಾದಲ್ಲಿ ಹೆಂಡ ಅಗ್ಗ. ಕುಡಿತವನ್ನು ಕೆಟ್ಟ ಚಟವೆಂದು ಬೈದು ಕಳಿಸಿದರೆ ಅವನು ಮತ್ತೆ ನಮ್ಮ ಬಾಗಿಲಿಗೆ ಬರುವುದಿಲ್ಲ. ಕುಡಿಯುವ ಮೊದಲು ಏನು ಕಾಡುತ್ತದೆ ಎಂದು ಕೇಳಿದಾಗ ಅತ್ತ ಗಂಡಸರಿದ್ದಾರೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು. ಗೋವಾದಲ್ಲಿ ಕೊಂಕಣಿ, ಹಿಂದಿ ಬಾರದೆ ಆಸ್ಪತ್ರೆಯ ಸಾಲಿನಲ್ಲಿ ಮೂಕರಾಗಿ ನಿಲ್ಲುವವರಿಗೆ ಇದು ಸಣ್ಣ ಸಂಗತಿಯಲ್ಲ.

10. ನಮ್ಮ ಕ್ಯಾಲೆಂಡರು ಪಂಚಮಿ, ಅವರ ಕ್ಯಾಲೆಂಡರು ಭಾನುವಾರ

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ದೀಪಾವಳಿಗೆ, ಯುಗಾದಿಗೆ ಶೆಡ್ಡುಗಳೇ ಖಾಲಿಯಾಗುತ್ತವೆ. ಉಂಡಿ, ಅಳ್ಳಿಟ್ಟು ಮುಗಿಯುವ ಮೂರು ನಾಲ್ಕು ದಿನದಲ್ಲಿ ಲಸಿಕೆ, ರಕ್ತ ಪರೀಕ್ಷೆ, ಬಿಪಿ, ಸಕ್ಕರೆ ಎಲ್ಲ ಆಗಬೇಕು. ಆ ವಾರ ನಮಗೂ ಹಬ್ಬವೆಂದು ಉಪಕೇಂದ್ರಕ್ಕೆ ಬೀಗ ಹಾಕಿದರೆ ಮುಂದಿನ ಅವಕಾಶ ತಿಂಗಳುಗಳ ಆಚೆಗೆ. ಸಿಬ್ಬಂದಿಯಲ್ಲಿ ಸರದಿ ಮಾಡಿಕೊಂಡು ಹಬ್ಬದ ಮರುದಿನ ಬಾಗಿಲು ತೆರೆದು ಕೂರುವುದು ಸಾಧ್ಯ, ಮಾಡಿದ್ದೇವೆ, ಜನ ಬಂದಿದ್ದಾರೆ.

ಕರಾವಳಿಯ ಸಹೋದ್ಯೋಗಿಗಳಿಗೆ ನನ್ನ ಕೋರಿಕೆಯೂ ಇಂಥದ್ದೇ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದವರು ಕತ್ತಲಾದ ಮೇಲೆ ಶೆಡ್ಡಿಗೆ ಮರಳುತ್ತಾರೆ, ಹೊರರೋಗಿ ವಿಭಾಗ ಅಷ್ಟರಲ್ಲಿ ಮುಚ್ಚಿರುತ್ತದೆ. ಒಂದು ದಿನದ ಕೂಲಿ ಬಿಟ್ಟು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಲೇಡಿಗೋಷನ್ ಆಸ್ಪತ್ರೆಗೋ ಬರುವುದು ಅವರಿಗೆ ಕೊನೆಯ ದಾರಿ. ಭಾನುವಾರ ಬೆಳಿಗ್ಗೆ ಕಾರ್ಮಿಕರು ಸಂತೆಗೆ ಸೇರುವ ಕಡೆ ಒಂದು ಮೇಜು ಹಾಕಿ. ನಮ್ಮ ಕಡೆಯ ಒಬ್ಬ ಹೆಣ್ಣುಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮಾತು ಸಲೀಸಾಗುತ್ತದೆ. ಸ್ಲೈಡಿನಲ್ಲಿ ಮಲೇರಿಯಾ ಕಂಡರೆ, ರೋಗಿ ಊರಿಗೆ ಹೊರಟಿದ್ದರೆ, ಅವನ ಊರಿನ ಆಶಾಗೆ ಒಂದು ಫೋನ್ ಮಾಡಿ. ಅವನು ನರಗುಂದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಉಳಿದ ದಿನಗಳ ಗುಳಗಿ ನಮ್ಮ ಹತ್ತಿರ ಸಿದ್ಧವಿರುತ್ತದೆ.